ಬೋರ್ಡು ಬರೆಸುವ ಮೊದಲು ಪಠ್ಯ ಎಣಿಸಿ: ‘ಮಹಿಳಾ ಅಧ್ಯಯನ’ದ ಹೆಸರು ಬದಲಿಸಬೇಕೇ ಎಂದು ತೀರ್ಮಾನಿಸುವ ಬಗೆ

‘ಮಹಿಳಾ ಅಧ್ಯಯನ ಅನ್ನುವ ಹೆಸರು ಹಳತಾಯ್ತು, ಜೆಂಡರ್ ಸ್ಟಡೀಸ್ ಅಂತ ಮಾಡುವ’ – ಮಂಗಳೂರು, ಉಡುಪಿ ಕಡೆಯ ಕಾಲೇಜಿನ ಸಭೆಯಲ್ಲಿ ಈ ಮಾತೊಂದು ಬಿದ್ದರೆ ಸಾಕು, ಚಾ ಬರುವಷ್ಟರಲ್ಲಿ ಎರಡು ಬಣವಾಗಿರುತ್ತದೆ. ಒಂದು ಬಣಕ್ಕೆ ಹೊಸ ಹೆಸರು ಬೇಕು, ಇನ್ನೊಂದಕ್ಕೆ ಹಳೆಯದನ್ನು ಬಿಡಲು ಮನಸ್ಸಿಲ್ಲ. ಪಠ್ಯಕ್ರಮದ ಪುಸ್ತಕವನ್ನು ಮಾತ್ರ ಯಾರೂ ತೆರೆದಿರುವುದಿಲ್ಲ. ಅಂಥ ಸಭೆಗೆ ಹೋಗುವ ಮೊದಲು ಏನು ತಯಾರಿ ಬೇಕು, ಬದಲಿಸುವುದೇ ಆದರೆ ಯಾವ ಕಾಗದ ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಲ್ಲಿ ಎಡವಟ್ಟಾಗುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ನಮ್ಮ ನಿಲುವನ್ನು ಮುಚ್ಚಿಡುವುದಿಲ್ಲ. ಹಳೆಯ ಹೆಸರನ್ನು ಅಳಿಸಿ ಅದರ ಜಾಗದಲ್ಲಿ ‘ಜೆಂಡರ್’ (ಸಮಾಜ ಹೊರಿಸಿದ ಹೆಣ್ತನ, ಗಂಡಸುತನ; ಕನ್ನಡದಲ್ಲಿ ‘ಲಿಂಗತ್ವ’) ಕೂರಿಸುವ ಅಗತ್ಯ ನಮ್ಮ ಕಡೆಯ ಹೆಚ್ಚಿನ ಕೇಂದ್ರಗಳಿಗೆ ಇಲ್ಲ. ಹಳೆಯದರ ಪಕ್ಕದಲ್ಲಿ ಹೊಸದನ್ನು ಸೇರಿಸಬಹುದು. ಅದೂ ಪಠ್ಯ ಬದಲಾದ ಮೇಲೆ.

ಯಾವುದರ ಹೆಸರು?

ಮೊದಲ ಗೊಂದಲ ಇಲ್ಲೇ. ‘ಮಹಿಳಾ’ ಎಂಬ ಶಬ್ದ ಒಂದು ಕಾಲೇಜಿನಲ್ಲಿ ನಾಲ್ಕು ಕಡೆ ಇರುತ್ತದೆ: ಕೇಂದ್ರ ಅಥವಾ ವಿಭಾಗದ ಹೆಸರಿನಲ್ಲಿ, ಪದವಿ ಪ್ರಮಾಣಪತ್ರದಲ್ಲಿ ಬರುವ ವಿಷಯದ ಹೆಸರಿನಲ್ಲಿ, ಕೋರ್ಸಿನ ಒಂದೊಂದು ಪತ್ರಿಕೆಯ (ಪೇಪರಿನ) ಶೀರ್ಷಿಕೆಯಲ್ಲಿ, ಮತ್ತೆ ಮಹಿಳಾ ಘಟಕ, ವೇದಿಕೆ, ಸಂಘಗಳಲ್ಲಿ. ಈ ನಾಲ್ಕಕ್ಕೂ ಅಧಿಕಾರ ಬೇರೆ, ದಾರಿ ಬೇರೆ. ವೇದಿಕೆಯ ಹೆಸರನ್ನು ಪ್ರಾಂಶುಪಾಲರ ಸಭೆಯೇ ಬದಲಿಸಬಹುದು. ಪತ್ರಿಕೆಯ ಶೀರ್ಷಿಕೆಗೆ ಅಧ್ಯಯನ ಮಂಡಳಿ (ಪಠ್ಯ ತೀರ್ಮಾನಿಸುವ ಬೋರ್ಡ್ ಆಫ್ ಸ್ಟಡೀಸ್) ಬೇಕು. ಪದವಿಯ ವಿಷಯದ ಹೆಸರಾದರೆ ವಿದ್ಯಾವಿಷಯಕ ಪರಿಷತ್ತಿನ (ಅಕಾಡೆಮಿಕ್ ಕೌನ್ಸಿಲ್) ವರೆಗೂ ಹೋಗಬೇಕು. ‘ನಮ್ಮಲ್ಲಿ ಹೆಸರು ಬದಲಿಸಿದ್ದೇವೆ’ ಎಂದು ಯಾರಾದರೂ ಹೇಳಿದರೆ ಯಾವುದರದ್ದು ಎಂದು ಕೇಳಿ. ಎಷ್ಟೋ ಸಲ ಅದು ಬಾಗಿಲಿನ ಬೋರ್ಡು ಅಷ್ಟೇ ಆಗಿರುತ್ತದೆ.

ಐದನೆಯದೊಂದು ಇದೆ, ಅದನ್ನು ಮುಟ್ಟಬೇಡಿ. ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿ 2013ರ ಕಾಯ್ದೆಯಂತೆ ರಚನೆಯಾದದ್ದು. ಅಧ್ಯಕ್ಷೆ ಮಹಿಳೆಯೇ ಆಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು ಎಂಬುದು ಕಾನೂನಿನ ಮಾತು. ಇದನ್ನು ‘ಜೆಂಡರ್ ಸೆಲ್’ ಜೊತೆ ಬೆರೆಸಿ ಒಂದೇ ಸಮಿತಿ ಮಾಡಿಬಿಟ್ಟರೆ ಮುಂದೆ ಯಾವುದಾದರೂ ದೂರು ನ್ಯಾಯಾಲಯಕ್ಕೆ ಹೋದಾಗ ಸಮಿತಿಯ ರಚನೆಯೇ ಸರಿಯಿಲ್ಲ ಎಂಬ ವಾದ ಏಳುತ್ತದೆ. ಗಂಡು ಮಕ್ಕಳು, ತೃತೀಯ ಲಿಂಗಿ ವಿದ್ಯಾರ್ಥಿಗಳು ದೂರು ಕೊಡುವುದಕ್ಕೆ ಹೆಸರು ಬದಲಿಸಬೇಕಾಗಿಯೂ ಇಲ್ಲ. ಅವರೂ ಕಿರುಕುಳಕ್ಕೆ ಒಳಗಾಗಬಹುದೆಂದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮಗಳು ಒಪ್ಪಿಕೊಂಡಿವೆ.

ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ವಿಷಯವನ್ನೂ ಇಲ್ಲೇ ಮುಗಿಸುತ್ತೇವೆ. ಅದು ಲಿಂಗ ಸಮಾನತೆಗೆ ನೀವು ಏನು ಕ್ರಮ ತೆಗೆದುಕೊಂಡಿರಿ ಎಂದು ಕೇಳುತ್ತದೆ. ಬಾಗಿಲ ಮೇಲೆ ಏನು ಬರೆದಿದ್ದೀರಿ ಎಂದು ಕೇಳುವುದಿಲ್ಲ.

ಹೆಸರಿಗೆ ಇಷ್ಟು ತೂಕ ಯಾಕೆ

ಸಭೆಯಲ್ಲಿ ‘ಹೆಸರಲ್ಲಿ ಎಂತ ಉಂಟು’ ಎನ್ನುವವರು ಒಬ್ಬರಾದರೂ ಇರುತ್ತಾರೆ. ಅವರಿಗಾಗಿ ಸ್ವಲ್ಪ ಹಿನ್ನೆಲೆ ಇಟ್ಟುಕೊಂಡಿರಿ. ಭಾರತದಲ್ಲಿ ಮಹಿಳೆಯರ ಸ್ಥಾನಮಾನ ಕುರಿತ ಸಮಿತಿಯ ವರದಿ ಬಂದದ್ದು 1974ರಲ್ಲಿ. ಸ್ವಾತಂತ್ರ್ಯ ಬಂದು ಕಾಲು ಶತಮಾನ ಕಳೆದರೂ ಗಂಡಸರಿಗೆ ಹೋಲಿಸಿದರೆ ಹೆಂಗಸರ ಸಂಖ್ಯೆ, ಕೆಲಸ, ರಾಜಕೀಯದ ಪಾಲು ಕುಸಿಯುತ್ತಿದೆ ಎಂದು ಅದು ಅಂಕಿಅಂಶ ಇಟ್ಟು ತೋರಿಸಿತು. ಅದೇ ವರ್ಷ ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ನೀರಾ ದೇಸಾಯಿ ಅವರ ನೇತೃತ್ವದಲ್ಲಿ ಮಹಿಳಾ ಅಧ್ಯಯನದ ಸಂಶೋಧನಾ ಘಟಕ ಶುರುವಾಯಿತು. 1981ರಲ್ಲಿ ಮೊದಲ ರಾಷ್ಟ್ರೀಯ ಸಮ್ಮೇಳನ ಅಲ್ಲೇ ನಡೆಯಿತು, ಮರುವರ್ಷ ಭಾರತೀಯ ಮಹಿಳಾ ಅಧ್ಯಯನ ಸಂಘ ಹುಟ್ಟಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಈ ವಿಷಯವನ್ನು ಹೆಸರು ಹಿಡಿದು ಪ್ರೋತ್ಸಾಹಿಸಿದ ಮೇಲೆ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಕೇಂದ್ರಗಳನ್ನು ತೆರೆಯಲು ಹಣ ಕೊಡತೊಡಗಿತು. ಹಣ ಬಂದದ್ದು ‘ಮಹಿಳಾ ಅಧ್ಯಯನ’ ಎಂಬ ಯೋಜನೆಯ ಶೀರ್ಷಿಕೆಯಡಿ. ಹೆಸರು ಅಂದರೆ ಆಯವ್ಯಯದ ಸಾಲು ಕೂಡ.

ಆಮೇಲಿನದ್ದು ಇನ್ನೂ ಪಾಠ ಹೇಳುವಂಥದ್ದು. 10ನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಈ ಕೇಂದ್ರಗಳನ್ನು ‘ಮಹಿಳಾ ಮತ್ತು ಕುಟುಂಬ ಅಧ್ಯಯನ’ ಕೇಂದ್ರಗಳೆಂದು ಕರೆಯುವ ಪ್ರಯತ್ನ ನಡೆಯಿತು. ಅಧ್ಯಾಪಕಿಯರು, ಸಂಶೋಧಕಿಯರು ಪ್ರತಿಭಟಿಸಿದರು. ಕುಟುಂಬದೊಳಗಿನ ಅಧಿಕಾರವನ್ನು ಪ್ರಶ್ನಿಸುವುದಕ್ಕೇ ಹುಟ್ಟಿದ ವಿಷಯ, ಅದನ್ನೇ ಕುಟುಂಬದ ತೆಕ್ಕೆಗೆ ಸೇರಿಸಿದರೆ ಉಳಿಯುವುದೇನು ಎಂಬುದು ಅವರ ಆಕ್ಷೇಪ. ಹಳೆಯ ಹೆಸರನ್ನು ಬಿಡದವರನ್ನು ಹಳೆಕಾಲದವರು ಎಂದು ತಳ್ಳಿಹಾಕುವ ಮುನ್ನ ಈ ಜಗಳ ನೆನಪಿರಲಿ. ಅವರು ಒಮ್ಮೆ ಕಾಯ್ದುಕೊಂಡ ಹೆಸರು ಅದು.

ಹೊರದೇಶದ ಉದಾಹರಣೆ ಕೇಳಿದರೆ ಎರಡು ಸಾಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1970ರ ಹೊತ್ತಿಗೆ ಶುರುವಾದ ಕಾರ್ಯಕ್ರಮಕ್ಕೆ ಮೊದಲಿದ್ದ ಹೆಸರು ‘ಫೀಮೇಲ್ ಸ್ಟಡೀಸ್’. ಎರಡೇ ವರ್ಷದಲ್ಲಿ ‘ವಿಮೆನ್ಸ್ ಸ್ಟಡೀಸ್’ ಆಯಿತು, 2002ರಲ್ಲಿ ‘ಫೆಮಿನಿಸ್ಟ್, ಜೆಂಡರ್ ಆ್ಯಂಡ್ ಸೆಕ್ಶುವಾಲಿಟಿ ಸ್ಟಡೀಸ್’ ಆಯಿತು. ನಡುವೆ ಮೂವತ್ತು ವರ್ಷದ ಪಾಠ, ಸಂಶೋಧನೆ ಇತ್ತು ಎಂಬುದನ್ನು ಗಮನಿಸಿ. ಇನ್ನೊಂದು ಹಂಗೆರಿಯದು: ಅಲ್ಲಿನ ಸರ್ಕಾರ 2018ರಲ್ಲಿ ಜೆಂಡರ್ ಸ್ಟಡೀಸ್ ಸ್ನಾತಕೋತ್ತರ ಪದವಿಯ ಮಾನ್ಯತೆಯನ್ನೇ ತೆಗೆದುಹಾಕಿತು. ‘ಜೆಂಡರ್ ಅಂದರೆ ತಟಸ್ಥ ಶಬ್ದ, ಯಾರಿಗೂ ಚುಚ್ಚುವುದಿಲ್ಲ, ಕೇಂದ್ರಕ್ಕೆ ಭದ್ರ’ ಎನ್ನುವವರಿಗೆ ಇದು ಉತ್ತರ.

ಪಠ್ಯ ಎಣಿಸುವುದು ಹೇಗೆ

ಇದೇ ಮುಖ್ಯ ಕೆಲಸ. ಇಬ್ಬರು ಕುಳಿತರೆ ಎರಡು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಬೇಕಾದದ್ದು ಚಾಲ್ತಿಯಲ್ಲಿರುವ ಪಠ್ಯಕ್ರಮದ ಪ್ರತಿ, ಕಳೆದ ಮೂರು ವರ್ಷದ ಪ್ರಶ್ನೆಪತ್ರಿಕೆಗಳು, ನಾಲ್ಕು ಬಣ್ಣದ ಪೆನ್ನು.

ಪತ್ರಿಕೆಯ ಶೀರ್ಷಿಕೆ ನೋಡಬೇಡಿ, ಘಟಕದ ಒಳಗೆ ಹೋಗಿ. ‘ಜೆಂಡರ್ ಮತ್ತು ಅಭಿವೃದ್ಧಿ’ ಎಂಬ ಪತ್ರಿಕೆಯೊಳಗೆ ಸ್ವಸಹಾಯ ಸಂಘ, ಸ್ತ್ರೀಶಕ್ತಿ, ಪಂಚಾಯತಿನಲ್ಲಿ ಮಹಿಳಾ ಮೀಸಲಾತಿ ಇಷ್ಟೇ ಇದ್ದರೆ ಅದು ಮಹಿಳಾ ಅಧ್ಯಯನವೇ. ಒಳ್ಳೆಯ ಮಹಿಳಾ ಅಧ್ಯಯನ, ಆದರೆ ಬೇರೇನಲ್ಲ. ಹೆಂಗಸರ ಬದುಕು, ದುಡಿಮೆ, ಕಾನೂನು, ಚರಿತ್ರೆಗೆ ಒಂದು ಬಣ್ಣ. ಹೆಣ್ಣು–ಗಂಡಿನ ನಡುವಿನ ಸಂಬಂಧ, ಗಂಡಸುತನ, ಜಾತಿ ಮತ್ತು ಲಿಂಗತ್ವದ ಹೆಣಿಗೆಗೆ ಇನ್ನೊಂದು. ಲಿಂಗತ್ವ ಅಲ್ಪಸಂಖ್ಯಾತರು, ಲೈಂಗಿಕತೆಗೆ ಮೂರನೆಯದು. ಸಂಶೋಧನಾ ವಿಧಾನ, ಕ್ಷೇತ್ರಕಾರ್ಯಕ್ಕೆ ನಾಲ್ಕನೆಯದು. ಪ್ರತಿ ಉಪವಿಷಯದ ಮುಂದೆ ಅದಕ್ಕೆ ಸಿಗುವ ತರಗತಿಯ ಗಂಟೆ ಬರೆಯಿರಿ. ಒಂದು ಕ್ರೆಡಿಟ್‌ಗೆ 15 ಗಂಟೆ ಪಾಠ ಎಂಬ ಲೆಕ್ಕದಲ್ಲಿ ನಾಲ್ಕು ಕ್ರೆಡಿಟ್ಟಿನ ಪತ್ರಿಕೆಗೆ 60 ಗಂಟೆ.

ಒಂದು ಮಾದರಿ ಲೆಕ್ಕ. ಒಂದು ವರ್ಷದ ಡಿಪ್ಲೊಮಾದಲ್ಲಿ ಆರು ಪತ್ರಿಕೆ ಇವೆ ಎಂದುಕೊಳ್ಳಿ, ಒಟ್ಟು 360 ಗಂಟೆ. ಎಣಿಸಿದಾಗ ಮೊದಲ ಬಣ್ಣ 232, ಎರಡನೆಯದು 62, ಮೂರನೆಯದು 14, ನಾಲ್ಕನೆಯದು 52 ಬಂತು. ಎರಡನೆಯದೂ ಮೂರನೆಯದೂ ಸೇರಿ 76 ಗಂಟೆ, ನೂರಕ್ಕೆ 21. ಇಂಥ ಕೋರ್ಸಿಗೆ ಹೆಸರು ಬದಲಿಸಬೇಡಿ ಎನ್ನುತ್ತೇವೆ. ಕಾಲು ಭಾಗ, ಅಂದರೆ 90 ಗಂಟೆ ದಾಟಿದರೆ ‘ಮಹಿಳಾ ಮತ್ತು ಲಿಂಗತ್ವ ಅಧ್ಯಯನ’ ಎಂದು ಸೇರಿಸಬಹುದು. ಅರ್ಧ ದಾಟಿ, ಮೂರನೆಯ ಬಣ್ಣವೊಂದೇ ಒಂದು ಪೂರ್ಣ ಪತ್ರಿಕೆಯಷ್ಟು, ಅಂದರೆ 60 ಗಂಟೆ ಆದಾಗ ಮಾತ್ರ ‘ಮಹಿಳಾ’ ಬಿಡುವ ಮಾತು ಎತ್ತಬಹುದು. ಈ ಗಡಿಗಳನ್ನು ಯುಜಿಸಿ ಹೇಳಿಲ್ಲ, ನಾವು ಹಾಕಿಕೊಂಡದ್ದು. ನಿಮಗೆ ಬೇರೆ ಗಡಿ ಸರಿ ಕಂಡರೆ ಹಾಕಿ, ಆದರೆ ಎಣಿಸುವ ಮೊದಲೇ ಹಾಕಿ. ಎಣಿಸಿದ ಮೇಲೆ ಹಾಕಿದ ಗಡಿ ಬೇಕಾದ ಕಡೆಗೇ ಜಾರುತ್ತದೆ.

ಇನ್ನು ಪ್ರಶ್ನೆಪತ್ರಿಕೆ. ಪಠ್ಯದಲ್ಲಿ ಇದ್ದೂ ಮೂರು ವರ್ಷದಲ್ಲಿ ಒಂದು ಅಂಕದ ಪ್ರಶ್ನೆಯೂ ಬಾರದ ಉಪವಿಷಯ ತರಗತಿಯಲ್ಲಿ ನಡೆದಿಲ್ಲ ಎಂದೇ ಹಿಡಿಯಿರಿ. ಮೂರನೆಯ ಬಣ್ಣದ ಗಂಟೆಗಳು ಹೆಚ್ಚಾಗಿ ಹೀಗೆಯೇ ಕರಗುವುದು. ಕಾರಣ ಸರಳ: ಅದನ್ನು ಕೊನೆಯ ಘಟಕವಾಗಿ ಅಂಟಿಸಿರುತ್ತಾರೆ, ಕೊನೆಯ ಘಟಕಕ್ಕೆ ಬರುವಾಗ ಸೆಮಿಸ್ಟರ್ ಮುಗಿದಿರುತ್ತದೆ.

ಹಾಗಾದರೆ ಗಂಟೆ ಹೆಚ್ಚಿಸುವುದು ಹೇಗೆ? ಹೊಸ ಘಟಕ ಕಟ್ಟಬೇಡಿ, ಇರುವ ಘಟಕಗಳೊಳಗೆ ಬೆರೆಸಿ. ಕಾನೂನಿನ ಪತ್ರಿಕೆಯಲ್ಲಿ ವರದಕ್ಷಿಣೆ ನಿಷೇಧ, ಕೌಟುಂಬಿಕ ದೌರ್ಜನ್ಯದ ಪಾಠಗಳ ಪಕ್ಕದಲ್ಲೇ ತೃತೀಯ ಲಿಂಗಿಗಳ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟು 2014ರಲ್ಲಿ ಕೊಟ್ಟ ತೀರ್ಪು, ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟ 2018ರ ತೀರ್ಪು, ತೃತೀಯ ಲಿಂಗಿಗಳ ಕುರಿತ 2019ರ ಕಾಯ್ದೆ, ರಾಜ್ಯ ಸರ್ಕಾರದ 2017ರ ನೀತಿ, ಅವರಿಗೆ ನೇರ ನೇಮಕಾತಿಯಲ್ಲಿ ಶೇ. 1 ಮೀಸಲಾತಿ ಕೊಟ್ಟ 2021ರ ತಿದ್ದುಪಡಿ. ಇವಕ್ಕೆ 8ರಿಂದ 10 ಗಂಟೆ ಬೇಕು. ಓದಿಸಲು ತೀರ್ಪುಗಳೇ ಸಾಕು, ಬೇರೆ ಪುಸ್ತಕ ಹುಡುಕಬೇಕಾಗಿಲ್ಲ.

ನಮ್ಮೂರಿನ ವಿಷಯದಲ್ಲಿ ಪರೀಕ್ಷಿಸಿ

ಎರಡು ಹೆಸರಿನ ವ್ಯತ್ಯಾಸ ಸಭೆಯಲ್ಲಿ ಅರ್ಥವಾಗಬೇಕಾದರೆ ಸಿದ್ಧಾಂತ ಹೇಳಬೇಡಿ. ಒಂದೇ ವಿಷಯವನ್ನು ಎರಡು ರೀತಿಯಲ್ಲಿ ಪಾಠ ಮಾಡಿ ತೋರಿಸಿ.

2011ರ ಜನಗಣತಿಯಂತೆ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು, ದಕ್ಷಿಣ ಕನ್ನಡದಲ್ಲಿ 1020. ಮಹಿಳಾ ಅಧ್ಯಯನದ ಕಣ್ಣು ಮೊದಲು ಕೇಳುವುದು ಈ ಹೆಂಗಸರ ಶಿಕ್ಷಣ, ಆರೋಗ್ಯ, ಸಂಪಾದನೆ ಹೇಗಿದೆ ಎಂದು. ಸಂಖ್ಯೆ ಜಾಸ್ತಿ ಇದ್ದ ಮಾತ್ರಕ್ಕೆ ಸ್ಥಾನ ಮೇಲಿದೆಯೇ? ಕೇಳಲೇಬೇಕಾದ ಪ್ರಶ್ನೆ ಇದು. ಆದರೆ ಆ 1094 ಬಂದದ್ದರ ಒಂದು ದೊಡ್ಡ ಕಾರಣ ಬೊಂಬಾಯಿಗೆ, ಗಲ್ಫಿಗೆ ದುಡಿಯಲು ಹೋದ ಗಂಡಸರು. ಗಂಡಸು ಊರು ಬಿಟ್ಟು ಹೋಗಿ ದುಡಿಯಬೇಕು, ಹೆಂಗಸು ಮನೆ, ಗದ್ದೆ, ಅತ್ತೆ-ಮಾವನನ್ನು ನೋಡಿಕೊಂಡು ಕಾಯಬೇಕು ಎಂದು ಯಾರು ಬರೆದಿಟ್ಟದ್ದು? ಹೋದವನಿಗೆ ಅದರಿಂದ ಆದ ನಷ್ಟವೇನು? ಇದು ಲಿಂಗತ್ವದ ಪ್ರಶ್ನೆ. ಗಂಡಸು ಇಲ್ಲಿ ಹಿನ್ನೆಲೆಯಲ್ಲಿ ನಿಲ್ಲುವುದಿಲ್ಲ, ಅವನೂ ಪಾಠದ ವಸ್ತು.

ಬೀಡಿಯನ್ನೇ ತೆಗೆದುಕೊಳ್ಳಿ. ಬೀಡಿ ಕಟ್ಟುವುದು ಎರಡೂ ಜಿಲ್ಲೆಗಳಲ್ಲಿ ಹೆಚ್ಚಾಗಿ ಹೆಂಗಸರು ಮನೆಯಲ್ಲೇ ಮಾಡುತ್ತ ಬಂದ ಕೆಲಸ. ಸಾವಿರ ಬೀಡಿಗೆ ಇಷ್ಟು ಎಂಬ ಮಜೂರಿ, ಭವಿಷ್ಯನಿಧಿ, ತಂಬಾಕಿನ ಧೂಳಿನಿಂದ ಬರುವ ಕಾಯಿಲೆ, 2025ರವರೆಗೆ ಜಾರಿಯಲ್ಲಿದ್ದ 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆ ಒಂದು ಪಾಠ. ಜಗಲಿಯಲ್ಲಿ ಕೂತು ಮಾಡುವ ಕೆಲಸ ‘ಹೆಂಗಸರ ಕೆಲಸ’ವಾದದ್ದು ಹೇಗೆ, ಗಂಡಸಿಗೆ ಅದು ಮರ್ಯಾದೆಗೆ ಕಡಿಮೆ ಎಂದು ಕಾಣುವುದು ಯಾಕೆ ಎಂಬುದು ಇನ್ನೊಂದು ಪಾಠ. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹಾರಿದರೆ ಮಜೂರಿಯ ಮಾತೇ ಮರೆಯಾಗುತ್ತದೆ. ಹೆಸರು ಬದಲಿಸಬೇಡಿ ಎನ್ನುವವರ ಭಯ ಇದೇ, ಮತ್ತು ಅದು ಸುಳ್ಳು ಭಯವಲ್ಲ.

ಅಳಿಯಕಟ್ಟು (ಅಳಿಯಸಂತಾನ ಪದ್ಧತಿ) ಇನ್ನೂ ಒಳ್ಳೆಯ ಪರೀಕ್ಷೆ. ಅದರಲ್ಲಿ ವಂಶ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು. ಮನೆತನದ ಯಜಮಾನಿಕೆ ಮಾತ್ರ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, ಅದರ ಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗ ಏನೇನು ಬದಲಾಯಿತು ಎಂದು ಓದಿಸಿದರೆ ‘ಹೆಣ್ಣಿನ ಹಕ್ಕು’ ಬೇರೆ, ‘ಅಧಿಕಾರ ಯಾರ ಕೈಯಲ್ಲಿ’ ಬೇರೆ ಎಂಬುದು ಬಂಟರ, ಬಿಲ್ಲವರ, ಮೊಗವೀರರ ಮನೆಯ ಮಕ್ಕಳಿಗೆ ಹತ್ತು ನಿಮಿಷದಲ್ಲಿ ಹೊಳೆಯುತ್ತದೆ. ಯಕ್ಷಗಾನದ ಸ್ತ್ರೀವೇಷವನ್ನೂ ಹೀಗೇ ಓದಬಹುದು: ಸೆರಗು, ನಡಿಗೆ, ನಾಚಿಕೆ ಇವನ್ನೆಲ್ಲ ಗಂಡು ಕಲಾವಿದ ಕಲಿತು ಮಾಡಬಲ್ಲನಾದರೆ ‘ಹೆಣ್ತನ’ ಹುಟ್ಟಿನಿಂದ ಬಂದದ್ದೋ ಕಲಿತದ್ದೋ? ಮಲ್ಪೆ ಬಂದರಿನಲ್ಲಿ ಒಂದು ಬೆಳಿಗ್ಗೆ ವಿದ್ಯಾರ್ಥಿಗಳನ್ನು ಮೂರು ಗಂಟೆ ಹೊತ್ತು ನಿಲ್ಲಿಸಿ, ಬೋಟಿನಿಂದ ಇಳಿಯುವವರು ಯಾರು, ಬುಟ್ಟಿ ಹೊರುವವರು ಯಾರು, ಹಣ ಎಣಿಸುವವರು ಯಾರು ಎಂದು ಬರೆಸಿಕೊಂಡು ಬಂದರೆ ಕ್ಷೇತ್ರಕಾರ್ಯವೂ ಆಯಿತು.

ಈ ಎರಡು ರೀತಿಯ ಪಾಠದಲ್ಲಿ ನಿಮ್ಮ ಅಧ್ಯಾಪಕರು ಎರಡನೆಯದನ್ನೂ ಮಾಡಬಲ್ಲರೇ? ಕನಿಷ್ಠ ಇಬ್ಬರಿಗೆ ಆ ತಯಾರಿ ಇಲ್ಲದಿದ್ದರೆ ಒಂದು ವರ್ಷ ಮುಂದೂಡಿ. ಒಬ್ಬರೇ ಇದ್ದರೆ ಅವರು ವರ್ಗವಾಗಿ ಹೋದ ದಿನ ಹೊಸ ಹೆಸರು ಖಾಲಿಯಾಗುತ್ತದೆ.

ಕನ್ನಡದಲ್ಲಿ ಏನೆಂದು ಬರೆಯುವುದು

ಇಂಗ್ಲಿಷಿನಲ್ಲಿ ಪ್ರಶ್ನೆ ಸಲೀಸು. ಕನ್ನಡದಲ್ಲಿ ನಿಜವಾದ ಕಷ್ಟ ಶುರು. ನಮ್ಮ ಊರಿನದೇ ನೆನಪು ಮಾಡಿಕೊಳ್ಳಿ: 2014ರ ನವೆಂಬರಿನಲ್ಲಿ ‘ಮ್ಯಾಂಗಲೋರ್’ ಹೋಗಿ ‘ಮಂಗಳೂರು’ ಬಂತು ಎಂದರು. ಬದಲಾದದ್ದು ಇಂಗ್ಲಿಷ್ ಹೆಸರು. ಕನ್ನಡದಲ್ಲಿ ಮೊದಲೂ ಮಂಗಳೂರೇ, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ. ಕೋಣಾಜೆಯ ವಿಶ್ವವಿದ್ಯಾನಿಲಯ ಇಂಗ್ಲಿಷಿನಲ್ಲಿ ಇಂದಿಗೂ ‘ಮ್ಯಾಂಗಲೋರ್’ ಎಂದೇ ಬರೆದುಕೊಳ್ಳುತ್ತದೆ. ಹೆಸರು ಯಾವ ಭಾಷೆಯಲ್ಲಿ ಬದಲಾಗುತ್ತಿದೆ ಎಂದು ಕೇಳದೆ ಹೊರಟರೆ ಇಂಗ್ಲಿಷ್ ಬೋರ್ಡೊಂದು, ಕನ್ನಡ ಬೋರ್ಡೊಂದು ಆಗಿಬಿಡುತ್ತದೆ.

‘ಲಿಂಗ ಅಧ್ಯಯನ’ ಎಂದರೆ? ಲಿಂಗ ಎಂಬುದು ವ್ಯಾಕರಣದ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ, ಶಿವಲಿಂಗ, ಇಷ್ಟಲಿಂಗ, ದೇಹದ ಅಂಗ, ಅರ್ಜಿ ನಮೂನೆಯಲ್ಲಿ ಗಂಡೋ ಹೆಣ್ಣೋ ಎಂದು ತುಂಬುವ ಜಾಗ. ಇಷ್ಟೂ ಅರ್ಥ ಹೊತ್ತ ಶಬ್ದವನ್ನು ಬಾಗಿಲ ಮೇಲೆ ಬರೆದರೆ ದೇವಸ್ಥಾನದ ಶಿಲ್ಪದ ಬಗ್ಗೆ ಸಂಶೋಧನೆ ಎಂದು ಒಬ್ಬರು ತಿಳಿಯುತ್ತಾರೆ, ಹಿಂದಿನ ಬೆಂಚಿನವರು ನಗುತ್ತಾರೆ. ಬೇಡ. ಅದರಲ್ಲೂ ಇಂಗ್ಲಿಷಿನವರು ‘ಸೆಕ್ಸ್’ ಮತ್ತು ‘ಜೆಂಡರ್’ ಎಂದು ಎರಡಾಗಿ ಒಡೆದದ್ದನ್ನು ಈ ಶಬ್ದ ಮತ್ತೆ ಒಂದೇ ಮಾಡುತ್ತದೆ. ಒಡೆಯುವುದೇ ಈ ವಿಷಯದ ಮೊದಲ ಪಾಠವಾಗಿರುವಾಗ.

‘ಲಿಂಗತ್ವ’ ವಾಸಿ. ದೇಹದ್ದು ಲಿಂಗ, ಸಮಾಜ ಹೊರಿಸಿದ್ದು ಲಿಂಗತ್ವ ಎಂದು ವ್ಯತ್ಯಾಸ ಹೇಳಲು ಬರುತ್ತದೆ. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಪ್ರಯೋಗ ಪತ್ರಿಕೆಗಳಲ್ಲಿ, ಸರ್ಕಾರಿ ಕಾಗದಗಳಲ್ಲಿ ಈಗಾಗಲೇ ಬಳಕೆಯಾಗಿರುವುದರಿಂದ ಕಿವಿಗೆ ಹೊಸತಲ್ಲ. ‘ಜೆಂಡರ್ ಅಧ್ಯಯನ’ವೂ ನಡೆಯುತ್ತದೆ, ವಿದ್ಯಾರ್ಥಿಗಳ ಬಾಯಲ್ಲಿ ಇರುವುದು ಅದೇ. ಆದರೆ ಬೀಡಿ ಬ್ರಾಂಚಿನಲ್ಲಿ (ಕಟ್ಟಿದ ಬೀಡಿ ಒಪ್ಪಿಸುವ ಜಾಗ) ಸಂದರ್ಶನಕ್ಕೆ ಹೋದ ಹುಡುಗಿ ‘ನಾನು ಜೆಂಡರ್ ಅಧ್ಯಯನದವಳು’ ಎಂದರೆ ಎದುರಿನ ಅಕ್ಕನಿಗೆ ಏನೂ ಸಿಗುವುದಿಲ್ಲ. ‘ಹೆಂಗಸರ ವಿಷಯ ಓದುವವಳು’ ಎಂದರೆ ಜಗಲಿಯಲ್ಲಿ ಕೂರಲು ಜಾಗ ಸಿಗುತ್ತದೆ. ತುಳುವಿನಲ್ಲಂತೂ ಆಣ್–ಪೊಣ್ಣ್ ಎಂದು ಬಿಡಿಸಿಯೇ ಹೇಳಬೇಕು. ‘ಹೆಣ್ಣು–ಗಂಡು ಅಧ್ಯಯನ’ ಎಂದು ಕರೆಯೋಣವೆಂದು ಯಾರಾದರೂ ಸೂಚಿಸುತ್ತಾರೆ. ಕೇಳಲು ಚೆಂದ, ಆದರೆ ಆ ಎರಡರ ಆಚೆಗಿರುವವರಿಗೆ ಅದು ಮುಚ್ಚಿದ ಬಾಗಿಲು.

ಆದ್ದರಿಂದ ‘ಮಹಿಳಾ ಮತ್ತು ಲಿಂಗತ್ವ ಅಧ್ಯಯನ’. ಉದ್ದ, ಹೌದು. ಅಂತಿಮಗೊಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಹೆಸರನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಹತ್ತು ಜನರಿಗೆ ತೋರಿಸಿ: ಕಚೇರಿಯ ಗುಮಾಸ್ತರು, ಪಿಯುಸಿ ಮುಗಿಸಿದ ಇಬ್ಬರು, ಒಬ್ಬರ ತಾಯಿ, ಬಸ್ ಕಂಡಕ್ಟರ್, ಗ್ರಂಥಪಾಲಕರು, ಹೀಗೆ. ವಿವರಣೆ ಕೊಡದೆ ‘ಇಲ್ಲಿ ಏನು ಕಲಿಸುತ್ತಾರೆ’ ಎಂದಷ್ಟೇ ಕೇಳಿ, ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಹತ್ತರಲ್ಲಿ ಆರು ಜನರಾದರೂ ಹತ್ತಿರದ ಉತ್ತರ ಕೊಡದಿದ್ದರೆ ಹೆಸರು ತಿದ್ದಿ. ಈ ಹಾಳೆಯನ್ನು ಪ್ರಸ್ತಾವಕ್ಕೆ ಲಗತ್ತಿಸಿದರೆ ಮಂಡಳಿಯಲ್ಲಿ ವಾದ ಅರ್ಧಕ್ಕೆ ಇಳಿಯುತ್ತದೆ.

ಕಾಗದದ ದಾರಿ

ಸಂಯೋಜಿತ ಕಾಲೇಜಾದರೆ ಪದವಿಯ ವಿಷಯದ ಹೆಸರು ನಿಮ್ಮ ಕೈಯಲ್ಲಿಲ್ಲ, ಅದು ವಿಶ್ವವಿದ್ಯಾನಿಲಯದ್ದು. ನಿಮ್ಮದೇ ಸರ್ಟಿಫಿಕೇಟ್ ಕೋರ್ಸು, ವೇದಿಕೆ, ವಿಚಾರ ಸಂಕಿರಣಗಳ ಹೆಸರು ಮಾತ್ರ ನಿಮ್ಮದು. ಸ್ವಾಯತ್ತ ಕಾಲೇಜಿನಲ್ಲಿ ಅಧ್ಯಯನ ಮಂಡಳಿ, ವಿದ್ಯಾವಿಷಯಕ ಪರಿಷತ್ತು, ಆಡಳಿತ ಮಂಡಳಿ ಈ ಕ್ರಮ. ವಿಶ್ವವಿದ್ಯಾನಿಲಯದ ಕೇಂದ್ರವಾದರೆ ವಿಭಾಗದ ಸಭೆಯಿಂದ ಅಧ್ಯಯನ ಮಂಡಳಿ, ನಿಕಾಯ (ಫ್ಯಾಕಲ್ಟಿ), ವಿದ್ಯಾವಿಷಯಕ ಪರಿಷತ್ತು ದಾಟಿ ವಿಶ್ವವಿದ್ಯಾನಿಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿಗೆ. ಕೇಂದ್ರದ ಹೆಸರು ಪರಿನಿಯಮದಲ್ಲೇ (ಸ್ಟ್ಯಾಚೂಟ್) ಇದ್ದರೆ 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಂತೆ ಕುಲಾಧಿಪತಿಗಳಾದ ರಾಜ್ಯಪಾಲರ ಅಂಕಿತದವರೆಗೂ ಹೋಗಬೇಕು. ಅಧ್ಯಯನ ಮಂಡಳಿ ವರ್ಷಕ್ಕೆ ಒಂದೆರಡು ಸಲ ಸೇರುವುದರಿಂದ ಜೂನ್–ಜುಲೈಯ ಪ್ರವೇಶಕ್ಕೆ ಹೊಸ ಹೆಸರು ಬೇಕೆಂದರೆ ಹಿಂದಿನ ಡಿಸೆಂಬರಿಗೇ ಪ್ರಸ್ತಾವ ಹೊರಡಬೇಕು. ಮಾರ್ಚಿನಲ್ಲಿ ನೆನಪಾದರೆ ಒಂದು ವರ್ಷ ಹೋಯಿತೆಂದೇ ಲೆಕ್ಕ.

ಪ್ರಸ್ತಾವ ಎರಡು ಪುಟಕ್ಕಿಂತ ಉದ್ದವಾಗದಿರಲಿ. ಅದರ ಜೊತೆ ಗಂಟೆಯ ಲೆಕ್ಕದ ಹಾಳೆ, ಹತ್ತು ಜನರ ಉತ್ತರ, ತಿದ್ದಿದ ಪಠ್ಯ. ನಿರ್ಣಯದ ಒಕ್ಕಣೆಯನ್ನು ನೀವೇ ಬರೆದುಕೊಂಡು ಹೋಗಿ. ಸಭೆಯಲ್ಲಿ ಅವಸರದಲ್ಲಿ ಬರೆದದ್ದರಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿರುತ್ತದೆ. ಹೀಗೆ ಬರೆಯಬಹುದು:

‘ಕೇಂದ್ರದ ಹೆಸರನ್ನು ಮುಂದಿನ ಶೈಕ್ಷಣಿಕ ಸಾಲಿನಿಂದ ಕನ್ನಡದಲ್ಲಿ “ಮಹಿಳಾ ಮತ್ತು ಲಿಂಗತ್ವ ಅಧ್ಯಯನ ಕೇಂದ್ರ” ಎಂದೂ, ಇಂಗ್ಲಿಷಿನಲ್ಲಿ “ಸೆಂಟರ್ ಫಾರ್ ವಿಮೆನ್ಸ್ ಆ್ಯಂಡ್ ಜೆಂಡರ್ ಸ್ಟಡೀಸ್” ಎಂದೂ ಬದಲಿಸಲು ತೀರ್ಮಾನಿಸಲಾಯಿತು. ಅದಕ್ಕೆ ಮೊದಲು ಪ್ರವೇಶ ಪಡೆದವರ ಅಂಕಪಟ್ಟಿ, ಪ್ರಮಾಣಪತ್ರಗಳು ಹಳೆಯ ಹೆಸರಿನಲ್ಲೇ ಮುಂದುವರಿಯುತ್ತವೆ. ಎರಡೂ ಹೆಸರಿನ ಪದವಿಗಳನ್ನು ನೇಮಕಾತಿ, ಉನ್ನತ ವ್ಯಾಸಂಗ, ಸಂಶೋಧನಾ ನೋಂದಣಿಗೆ ಸಮಾನವೆಂದು ಪರಿಗಣಿಸತಕ್ಕದ್ದು. ಸಮಾನತೆಯ ಪತ್ರವನ್ನು ಕೇಳಿದವರಿಗೆ ಶುಲ್ಕವಿಲ್ಲದೆ ಕೊಡತಕ್ಕದ್ದು.’

ಸಾಲನ್ನು ಅಂಕಿಯಲ್ಲಿ ನಮೂದಿಸಿ. ‘ಮುಂದಿನ’ ಎಂದಷ್ಟೇ ಬಿಟ್ಟರೆ ಐದು ವರ್ಷದ ನಂತರ ಯಾವುದರ ಮುಂದಿನದು ಎಂದು ಯಾರಿಗೂ ತಿಳಿಯದು.

ಎಡವುವ ಜಾಗಗಳು

ಹೆಚ್ಚು ಏಟು ಬೀಳುವುದು ವಿದ್ಯಾರ್ಥಿಗೆ. ಅಧ್ಯಾಪಕರಾಗಲು ಬರೆಯುವ ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಈ ವಿಷಯದ ಸಂಖ್ಯೆ 74, ಹೆಸರು ‘ವಿಮೆನ್ ಸ್ಟಡೀಸ್’. ನಿಮ್ಮ ಪದವಿಯಲ್ಲಿ ‘ಜೆಂಡರ್ ಸ್ಟಡೀಸ್’ ಎಂದು ಮಾತ್ರ ಇದ್ದು, ನೇಮಕಾತಿ ಪ್ರಕಟಣೆಯಲ್ಲಿ ‘ಮಹಿಳಾ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿ’ ಎಂದಿದ್ದರೆ ದಾಖಲೆ ಪರಿಶೀಲನೆಯ ಮೇಜಿನಲ್ಲಿ ಕೂತವರಿಗೆ ವಿಷಯದ ಚರಿತ್ರೆ ಗೊತ್ತಿರುವುದಿಲ್ಲ. ಶಬ್ದ ಹೊಂದುತ್ತದೋ ಇಲ್ಲವೋ ಅಷ್ಟೇ ನೋಡುತ್ತಾರೆ. ‘ಮಹಿಳಾ’ವನ್ನು ಹೆಸರಿನಲ್ಲಿ ಉಳಿಸಿಕೊಳ್ಳಿ ಎಂದು ನಾವು ಪಟ್ಟು ಹಿಡಿಯಲು ಇದೊಂದೇ ಕಾರಣ ಸಾಕು. ಎರಡನೆಯ ವರ್ಷದಲ್ಲಿದ್ದವರಿಗೆ ನಡುವೆ ಹೆಸರು ಬದಲಿಸಿದರೆ ಮೊದಲೆರಡು ಸೆಮಿಸ್ಟರಿನ ಅಂಕಪಟ್ಟಿ ಒಂದು ಹೆಸರಿನಲ್ಲಿ, ಉಳಿದದ್ದು ಇನ್ನೊಂದರಲ್ಲಿ ಆಗುತ್ತದೆ. ಹಾಗೆ ಮಾಡಲೇಬೇಡಿ.

ಅನುದಾನದ ಖಾತೆ ಇನ್ನೊಂದು. ಮಂಜೂರಾತಿ ಪತ್ರದಲ್ಲಿರುವ ಹೆಸರೂ ಬ್ಯಾಂಕ್ ಖಾತೆಯ ಹೆಸರೂ ತಾಳೆಯಾಗದಿದ್ದರೆ ಹಣ ವಾಪಸಾಗುತ್ತದೆ, ಬಳಕೆ ಪ್ರಮಾಣಪತ್ರಕ್ಕೆ ಲೆಕ್ಕಪರಿಶೋಧಕರ ಆಕ್ಷೇಪ ಬರುತ್ತದೆ. ಹಳೆಯ ಯೋಜನೆ ಮುಗಿಯುವವರೆಗೆ ಖಾತೆಯ ಹೆಸರು ಬದಲಿಸಬೇಡಿ, ಅನುದಾನ ಕೊಟ್ಟವರಿಗೆ ನಿರ್ಣಯದ ಪ್ರತಿ ಕಳಿಸಿ ಲಿಖಿತ ಒಪ್ಪಿಗೆ ತರಿಸಿಕೊಳ್ಳಿ. ಕೇಂದ್ರದಿಂದ ಪತ್ರಿಕೆ (ಜರ್ನಲ್) ಹೊರಡುತ್ತಿದ್ದು ಅದರ ಶೀರ್ಷಿಕೆಯನ್ನೂ ಬದಲಿಸಿದರೆ ಹೊಸ ಐಎಸ್‌ಎಸ್‌ಎನ್ (ನಿಯತಕಾಲಿಕಗಳ ಗುರುತು) ಸಂಖ್ಯೆ ಪಡೆಯಬೇಕು. ಹಳೆಯ ಸಂಖ್ಯೆಯಲ್ಲೇ ಹೊಸ ಹೆಸರು ಅಚ್ಚು ಹಾಕಿದರೆ ಲೇಖಕರ ಲೇಖನಗಳು ಎಣಿಕೆಗೆ ಸಿಗದೆ ಹೋಗುತ್ತವೆ. ಗ್ರಂಥಾಲಯದಲ್ಲಿ ಡ್ಯೂಯಿ ಪದ್ಧತಿ (ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಕ್ರಮ) ಇದ್ದರೆ ಹೆಂಗಸರ ಕುರಿತ ಪುಸ್ತಕ 305.4ರಲ್ಲಿ, ಲಿಂಗತ್ವದ್ದು 305.3ರಲ್ಲಿ ಇರುತ್ತದೆ, ಹಳೆಯ ಪುಸ್ತಕಗಳನ್ನು ಎಳೆದು ಹೊಸ ಸಂಖ್ಯೆ ಅಂಟಿಸಲು ಹೋಗಬೇಡಿ, ಎರಡು ಕಪಾಟು ಅಕ್ಕಪಕ್ಕ ಇಟ್ಟರೆ ಸಾಕು.

ಇನ್ನೊಂದು ಎಡವಟ್ಟು ಕಾಗದದ್ದಲ್ಲ. ‘ಲಿಂಗತ್ವ’ ಎಂದು ಬೋರ್ಡು ಹಾಕಿದ ಕಾಲೇಜಿನ ಪ್ರವೇಶ ಅರ್ಜಿಯಲ್ಲಿ ಗಂಡು, ಹೆಣ್ಣು ಎರಡೇ ಚೌಕ ಇರುವುದು, ಹಾಜರಿ ಕರೆಯುವಾಗ ವಿದ್ಯಾರ್ಥಿ ಬಳಸುವ ಹೆಸರಿಗೆ ಜಾಗವಿಲ್ಲದಿರುವುದು, ಶೌಚಾಲಯ ಯಾವುದೆಂದು ಯಾರೂ ಯೋಚಿಸದಿರುವುದು. ಪ್ರಸ್ತಾವ ಹೊರಡುವ ತಿಂಗಳಲ್ಲೇ ಈ ಮೂರನ್ನೂ ಸರಿಮಾಡಿ. ಇವಕ್ಕೆ ಸಿಂಡಿಕೇಟಿನ ಅನುಮತಿ ಬೇಕಾಗಿಲ್ಲ.

ಬದಲಿಸಿ ಎರಡು ವರ್ಷವಾದ ಮೇಲೆ ಅದೇ ನಾಲ್ಕು ಬಣ್ಣದ ಪೆನ್ನು ಹಿಡಿದು ಮತ್ತೊಮ್ಮೆ ಎಣಿಸಿ. ಈ ಸಲ ಎರಡನೆಯ, ಮೂರನೆಯ ಬಣ್ಣದ ಜೊತೆ ಮೊದಲನೆಯದನ್ನೂ ನೋಡಿ: ಮಜೂರಿ, ಆಸ್ತಿ, ಹೆರಿಗೆ, ಹಿಂಸೆಯ ಪಾಠಗಳು ನಿಮ್ಮ ಹಿಂದಿನ ಎಣಿಕೆಯಿಂದ ಎಷ್ಟಕ್ಕೆ ಇಳಿದಿವೆ? ಅರ್ಧಕ್ಕಿಂತ ಕೆಳಗೆ ಹೋಗಿದ್ದರೆ ಅಧ್ಯಯನ ಮಂಡಳಿಗೆ ಬರೆಯಿರಿ.

ಹಳೆಯ ಸೀಲನ್ನು ಬಿಸಾಡುವ ಮೊದಲು ಅದರ ಅಚ್ಚನ್ನು ಒಂದು ಬಿಳಿ ಹಾಳೆಯ ಮೇಲೆ ಒತ್ತಿ, ಕೊನೆಯದಾಗಿ ಬಳಸಿದ ದಿನಾಂಕ ಬರೆದು, ನಿರ್ಣಯದ ಪ್ರತಿಯ ಜೊತೆ ಕಡತದಲ್ಲಿಡಿ. ಹತ್ತು ವರ್ಷದ ಹಿಂದಿನ ಪ್ರಮಾಣಪತ್ರ ಹಿಡಿದು ಯಾರಾದರೂ ದೃಢೀಕರಣಕ್ಕೆ ಬಂದಾಗ ತಾಳೆ ನೋಡಲು ಅದೊಂದೇ ಇರುತ್ತದೆ.